ಬೆಂಚ್ ಮೇಲೆ ಪಾಸ್, ಫ್ಲೈಓವರ್ ಮೇಲೆ ಫೇಲ್: ಕಾರಿನ ನ್ಯಾವಿಗೇಶನ್ ಸಾಫ್ಟ್‌ವೇರ್ ಕಟ್ಟುವ ರೀತಿಯಲ್ಲಿ ಏನು ಬದಲಾಗಬೇಕು?

ಹೆಡ್‌ಯೂನಿಟ್_ಹುಡುಗ

ಎಲ್ಲರಿಗೂ ನಮಸ್ಕಾರ. ಕಾರಿನ ಜೊತೆಗೇ ಬರುವ ನ್ಯಾವಿಗೇಶನ್ ಇರುತ್ತದಲ್ಲ, ಫೋನಿನದ್ದಲ್ಲ, ಡ್ಯಾಶ್‌ಬೋರ್ಡ್ ಪರದೆಯಲ್ಲೇ ಇರುವುದು, ಆ ಸಾಫ್ಟ್‌ವೇರ್ ಬರೆಯುವ ಟೀಮಿನಲ್ಲಿದ್ದೇನೆ. ಕಂಪನಿ ಹೆಸರು ಬೇಡ.

ನಮ್ಮಲ್ಲಿ ಟೆಸ್ಟ್‌ಗಳಿಗೇನೂ ಕೊರತೆಯಿಲ್ಲ. ರಾತ್ರಿ ಬಿಲ್ಡ್ ಆಗುತ್ತದೆ, ಬೆಳಿಗ್ಗೆ ಬರುವಷ್ಟರಲ್ಲಿ ಸಾವಿರಾರು ಟೆಸ್ಟ್ ಓಡಿ ಎಲ್ಲಾ ಹಸಿರು. ಆದರೂ ರಸ್ತೆಯಿಂದ ಬರುವ ದೂರು ಕಡಿಮೆಯಾಗುತ್ತಿಲ್ಲ. ರಾಗಿಗುಡ್ಡ–ಸಿಲ್ಕ್ ಬೋರ್ಡ್ ಡಬಲ್ ಡೆಕ್ಕರ್ ಫ್ಲೈಓವರ್ 2024ರ ಜುಲೈನಲ್ಲಿ ಶುರುವಾದ ಮೇಲಂತೂ ಒಂದೇ ಬಗೆಯ ಟಿಕೆಟ್ (ದೂರಿನ ದಾಖಲೆ) ಪದೇ ಪದೇ ಬರುತ್ತಿದೆ. ಗಾಡಿ ಮೇಲಿದೆ, ಪರದೆ ಪ್ರಕಾರ ಕೆಳಗಿದೆ. ಇಲ್ಲವೇ ಉಲ್ಟಾ. ನಾವು ಬೆಂಚ್ ಮೇಲೆ, ಅಂದರೆ ಆಫೀಸಿನ ಟೆಸ್ಟ್ ಮೇಜಿನ ಮೇಲೆ, ಓಡಿಸಿದರೆ ಸರಿಯಾಗೇ ನಡೆಯುತ್ತದೆ. 'ರೀಪ್ರೊಡ್ಯೂಸ್ ಆಗುತ್ತಿಲ್ಲ' (ನಮ್ಮಲ್ಲಿ ಆ ದೋಷ ಮತ್ತೆ ಕಾಣುತ್ತಿಲ್ಲ) ಅಂತ ಬರೆದು ಮುಚ್ಚುತ್ತೇವೆ. ಸ್ವಲ್ಪ ದಿನಕ್ಕೆ ಇನ್ಯಾರೋ ಅದನ್ನೇ ತೆರೆಯುತ್ತಾರೆ.

ಮೇಲಿನವರು ಹೇಳುವುದು: ಟೆಸ್ಟ್ ಜಾಸ್ತಿ ಬರೆಯಿರಿ, ಸ್ಪ್ರಿಂಟ್ (ಕೆಲಸದ ಕಂತು) ಚಿಕ್ಕದು ಮಾಡಿ, ಕೋಡ್ ಬರೆಯಲು ಎಐ ಹಾಕಿ. ಇದ್ಯಾವುದೂ ನೋವಿರುವ ಜಾಗ ಮುಟ್ಟುತ್ತಿಲ್ಲ ಅನ್ನಿಸುತ್ತದೆ. ಈ ಕೆಲಸದಲ್ಲಿ ಪಳಗಿದವರು ಹೇಳಿ, ನಿಮ್ಮಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದಿದ್ದು ಏನು?

ಹಳದಿಬೋರ್ಡ್

ನಾನು ಎಂಜಿನಿಯರ್ ಅಲ್ಲ, ಟ್ಯಾಕ್ಸಿ ಓಡಿಸುವವನು. ಸುಮ್ನೆ ಓದಿಕೊಂಡು ಹೋಗೋಣ ಅಂತ ಬಂದೆ, ಆದರೆ ಹೇಳದೆ ಇರಲಾಗುತ್ತಿಲ್ಲ. ಫ್ಲೈಓವರ್ ನಡುಮಧ್ಯದಲ್ಲಿ 'ಎಡಕ್ಕೆ ತಿರುಗಿ' ಅನ್ನುತ್ತದೆ ಸರ್. ತಿರುಗಿದರೆ ಸೀದಾ ಕೆಳಗೆ ಬಿಟಿಎಂಗೆ ಬೀಳುತ್ತೇನೆ.

ನಮಗೆ ಅದು ತಮಾಷೆ. ಊರಿಗೆ ಹೊಸಬರಾದರೆ ಆ ಮಾತಿಗೆ ಬ್ರೇಕ್ ಒತ್ತುತ್ತಾರೆ, ಹಿಂದಿನವನು ಬಂದು ಗುದ್ದುತ್ತಾನೆ. ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಲು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲವಾ?

ಟೆಸ್ಟ್‌ಬೆಂಚ್_ಅಕ್ಕ

@ಹಳದಿಬೋರ್ಡ್ ಅಣ್ಣ, ನಿಮ್ಮ ಕೊನೆಯ ಪ್ರಶ್ನೆ ಇಲ್ಲಿ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

@ಹೆಡ್‌ಯೂನಿಟ್_ಹುಡುಗ, ನಿಮ್ಮ ಬೆಂಚ್ ಹೇಗೆ ಕೆಲಸ ಮಾಡುತ್ತದೆ ಅಂತ ಊಹಿಸಲಾ? ಮಾರ್ಗ ಹಾಕುತ್ತೀರಿ. ಸಿಮ್ಯುಲೇಟರ್ ಆ ಮಾರ್ಗದ ಗೆರೆ ಮೇಲೇ ಒಂದೇ ವೇಗದಲ್ಲಿ ಚುಕ್ಕಿ ಇಡುತ್ತಾ ಹೋಗುತ್ತದೆ. ಆ ಗೆರೆ ಬಂದಿದ್ದು ಎಲ್ಲಿಂದ? ನಿಮ್ಮದೇ ನಕ್ಷೆಯಿಂದ. ಅಂದರೆ ನಕ್ಷೆಯನ್ನು ನಕ್ಷೆಗೇ ಹೋಲಿಸಿ ಪಾಸ್ ಅನ್ನುತ್ತಿದ್ದೀರಿ. ಫೇಲ್ ಆಗಲು ದಾರಿಯೇ ಇಲ್ಲ. ಇಂಥ ಟೆಸ್ಟ್ ಇನ್ನೂ ಹತ್ತು ಸಾವಿರ ಬರೆದರೂ ಸಿಗುವುದು ಹಸಿರು ಬಣ್ಣ ಮಾತ್ರ.

ನಿಜವಾದ ರಸ್ತೆಯಲ್ಲಿ ಆಗುವುದೇ ಬೇರೆ. ಫ್ಲೈಓವರ್ ಕೆಳಗೆ ಹೋದರೆ ತಲೆ ಮೇಲೆ ಕಾಂಕ್ರೀಟ್, ಅದರ ಮೇಲೆ ಮೆಟ್ರೊ. ನೇರವಾಗಿ ಬರುವ ಉಪಗ್ರಹದ ಸಿಗ್ನಲ್ ಕಡಿಮೆ, ಪಕ್ಕದ ಕಟ್ಟಡಕ್ಕೆ ಬಡಿದು ಬರುವುದೇ ಜಾಸ್ತಿ. ಚುಕ್ಕಿ ಪಕ್ಕದ ಸರ್ವಿಸ್ ರಸ್ತೆಗೆ ಹಾರುತ್ತದೆ, ವಾಪಸ್ ಬರುತ್ತದೆ. ಫ್ಲೈಓವರ್ ಮೇಲೆ ಆಕಾಶ ಸ್ವಲ್ಪ ಕಾಣುತ್ತದೆ, ಆದರೆ ಅಕ್ಷಾಂಶ ರೇಖಾಂಶ ಕೆಳಗಿನ ರಸ್ತೆಯದ್ದೇ. ಎತ್ತರದ ಲೆಕ್ಕದಲ್ಲಿ ಜಿಪಿಎಸ್ ಮೊದಲೇ ದುರ್ಬಲ.

ಹಾಗಾಗಿ ಮೊದಲು ಮಾಡಬೇಕಾದ್ದು ರೆಕಾರ್ಡ್ ಮತ್ತು ರೀಪ್ಲೇ. ರಸ್ತೆಯಲ್ಲಿ ಗಾಡಿಗೆ ಏನೇನು ಕಂಡಿತೋ ಅಷ್ಟನ್ನೂ ಬರೆದಿಟ್ಟುಕೊಂಡು ಬೆಂಚ್ ಮೇಲೆ ಹಾಗೇ ಮತ್ತೆ ಉಣಿಸಬೇಕು. ಜಿಪಿಎಸ್ ಚಿಪ್ ಲೆಕ್ಕ ಹಾಕಿ ಕೊಡುವ ಸ್ಥಾನ ಮಾತ್ರ ಸಾಲದು. ಯಾವ ಉಪಗ್ರಹ ಎಷ್ಟು ಬಲವಾಗಿ ಕೇಳುತ್ತಿತ್ತು, ಗೈರೋ (ಗಾಡಿ ತಿರುಗಿದ್ದು, ವಾಲಿದ್ದು ಅಳೆಯುವ ಸೆನ್ಸರ್) ಏನು ಹೇಳಿತು, ಚಕ್ರದ ಸೆನ್ಸರಿನಿಂದ ಎಷ್ಟು ಪಲ್ಸ್ (ಚಕ್ರ ತಿರುಗಿದಂತೆ ಬರುವ ಮಿಡಿತ) ಬಂದವು, ಎಲ್ಲಾ ಬೇಕು. ಮುಖ್ಯವಾಗಿ ಎಲ್ಲವೂ ಒಂದೇ ಗಡಿಯಾರದಲ್ಲಿರಬೇಕು. ನಾನು ನೋಡಿದ ಹಾಳು ಲಾಗ್‌ಗಳಲ್ಲಿ (ಹೀಗೆ ಬರೆದಿಟ್ಟ ದಾಖಲೆಗಳಲ್ಲಿ) ಬಹುಪಾಲು ಹಾಳಾಗಿದ್ದು ಇಲ್ಲೇ. ಗೈರೋಗೆ ಒಂದು ಗಡಿಯಾರ, ಜಿಪಿಎಸ್‌ಗೆ ಇನ್ನೊಂದು. ರೀಪ್ಲೇ ಮಾಡಿದರೆ ಗಾಡಿ ತಿರುವು ಬರುವ ಮೊದಲೇ ತಿರುಗಿರುತ್ತದೆ!

ಇಷ್ಟಾದ ಮೇಲೆ ಒಂದು ನಿಯಮ ಮಾಡಿ. ಲಾಗ್ ಇಲ್ಲದೆ 'ರೀಪ್ರೊಡ್ಯೂಸ್ ಆಗುತ್ತಿಲ್ಲ' ಅಂತ ಟಿಕೆಟ್ ಮುಚ್ಚುವಂತಿಲ್ಲ. ಲಾಗ್ ಸಿಕ್ಕಿ ದೋಷ ಸರಿಯಾದ ಮೇಲೆ, ಆ ಲಾಗ್ ಪ್ರತಿ ರಾತ್ರಿ ಓಡುವ ಟೆಸ್ಟ್ ಆಗಬೇಕು. ಅದನ್ನು ಯಾರೂ ತೆಗೆಯುವಂತಿಲ್ಲ.

ಸ್ಟುಟ್‌ಗಾರ್ಟ್_ಕನ್ನಡಿಗ

ಅಕ್ಕ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಜಿಪಿಎಸ್ ಮೊದಲು, ಗೈರೋ ಮತ್ತು ಚಕ್ರ ಆಮೇಲೆ ಅಂತ ಹೊಸ ಹುಡುಗರು ಅಂದುಕೊಂಡಿರುತ್ತಾರೆ. ಚರಿತ್ರೆ ಉಲ್ಟಾ. 1981ರ ಹೋಂಡಾ ಎಲೆಕ್ಟ್ರೊ ಗೈರೊಕೇಟರ್‌ನಲ್ಲಿ ಜಿಪಿಎಸ್ ಇರಲೇ ಇಲ್ಲ. ಅನಿಲದ ಗೈರೋ ಮತ್ತು ಪಾರದರ್ಶಕ ಹಾಳೆಯ ನಕ್ಷೆ, ಅಷ್ಟೇ. 1985ರ ಎಟಾಕ್ ನ್ಯಾವಿಗೇಟರ್ ಕ್ಯಾಸೆಟ್‌ನಲ್ಲಿ ನಕ್ಷೆ ಇಟ್ಟುಕೊಂಡು, ಚಕ್ರ ಎಷ್ಟು ತಿರುಗಿತು, ದಿಕ್ಸೂಚಿ ಏನು ಹೇಳಿತು ಅಂತ ನೋಡಿಕೊಂಡು, ಗಾಡಿಯನ್ನು ನಕ್ಷೆಯ ರಸ್ತೆಗೆ ಕೂರಿಸುತ್ತಿತ್ತು. ಜಿಪಿಎಸ್ ಜೊತೆ ಬಂದಿದ್ದು 1990ರ ಮಾಜ್ದಾ ಯೂನೋಸ್ ಕಾಸ್ಮೊದಲ್ಲಿ.

ಈಗ ಫ್ಲೈಓವರ್ ಪ್ರಶ್ನೆ. ಮ್ಯಾಪ್ ಮ್ಯಾಚಿಂಗ್‌ಗೆ (ಚುಕ್ಕಿಯನ್ನು ನಕ್ಷೆಯ ಸರಿಯಾದ ರಸ್ತೆಗೆ ಕೂರಿಸುವುದಕ್ಕೆ) ಹೆಚ್ಚಿನವರು ಬಳಸುವುದು ಹಿಡನ್ ಮಾರ್ಕೊವ್ ಮಾದರಿ. ಮೈಕ್ರೊಸಾಫ್ಟ್ ರಿಸರ್ಚ್‌ನ ನ್ಯೂಸನ್ ಮತ್ತು ಕ್ರಮ್ 2009ರಲ್ಲಿ ಬರೆದ ಪ್ರಬಂಧ ಇದಕ್ಕೆ ಮೂಲಪಾಠ ಇದ್ದಂತೆ. ಒಂದೊಂದು ಚುಕ್ಕಿಗೂ ಹತ್ತಿರದ ನಾಲ್ಕಾರು ರಸ್ತೆಗಳನ್ನು ಅಭ್ಯರ್ಥಿಗಳಾಗಿ ಇಟ್ಟುಕೊಂಡು, ಇಡೀ ದಾರಿಯಲ್ಲಿ ಯಾವುದು ಹೆಚ್ಚು ಸಂಭವ ಅಂತ ಲೆಕ್ಕ ಹಾಕುವುದು. ಮೇಲಿನ ರಸ್ತೆ ಕೆಳಗಿನ ರಸ್ತೆ ಎರಡೂ ಒಂದೇ ಗೆರೆಯಲ್ಲಿದ್ದಾಗ ಚುಕ್ಕಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಜಾಗ ಒಂದೇ, ಫ್ಲೈಓವರ್‌ಗೆ ಹತ್ತುವ ಇಳಿಜಾರು: ರ‍್ಯಾಂಪ್. ಗಾಡಿ ಮೂಗು ಮೇಲೆ ಮಾಡಿತಾ ಇಲ್ಲವಾ? ಗೈರೋದ ಪಿಚ್ (ಮೂಗು ಮೇಲೆ ಕೆಳಗೆ ಆಗುವ ಕೋನ) ಮತ್ತು ಚಕ್ರದ ದೂರ ಸೇರಿಸಿದರೆ ಎಷ್ಟು ಎತ್ತರ ಏರಿತು ಅಂತ ಸಿಗುತ್ತದೆ.

ಬ್ಯಾರೋಮೀಟರ್ ಸೆನ್ಸರ್ ಇದ್ದರೆ ಇನ್ನೂ ಅನುಕೂಲ. ಬೆಂಗಳೂರಿನ ಎತ್ತರದಲ್ಲಿ ಸುಮಾರು 9ರಿಂದ 10 ಮೀಟರ್ ಏರಿದರೆ ಗಾಳಿಯ ಒತ್ತಡ 1 ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಇವತ್ತಿನ ಚಿಪ್‌ಗಳಿಗೆ ಅದು ದೊಡ್ಡ ಬದಲಾವಣೆಯೇ. ಆದರೆ ಸೆನ್ಸರ್ ಇರುವುದು ಕಾರಿನೊಳಗೆ. ಎಸಿ ಬ್ಲೋವರ್ ಜಾಸ್ತಿ ಮಾಡಿದರೆ ಒತ್ತಡ ಬದಲು, ಕಿಟಕಿ ಇಳಿಸಿದರೆ ಬದಲು, ಬಾಗಿಲು ಹಾಕಿದರೆ ಒಂದು ಹೊಡೆತ. ಆದ್ದರಿಂದ ಒತ್ತಡದ ಅಂಕಿಯನ್ನೇ ನಂಬಬೇಡಿ. ರ‍್ಯಾಂಪ್ ಉದ್ದಕ್ಕೂ ನಿಧಾನಕ್ಕೆ ಇಳಿಯಿತಾ, ಜೊತೆಗೆ ಚಕ್ರವೂ ಅಷ್ಟು ದೂರ ಓಡಿತಾ ಅಂತ ನೋಡಿ. ಯಾರಾದರೂ ಕಿಟಕಿ ಇಳಿಸಿದ ಲಾಗ್ ನಿಮ್ಮ ರೀಪ್ಲೇ ಪಟ್ಟಿಯಲ್ಲಿ ಖಂಡಿತ ಇರಲಿ.

ಕುತೂಹಲಿ

ನಮ್ಮದೇ ನಾವಿಕ್ (ಜಿಪಿಎಸ್ ಥರದ ಭಾರತದ ಉಪಗ್ರಹ ವ್ಯವಸ್ಥೆ) ಇದೆಯಲ್ಲ, ಬ್ಯಾಲಾಳುವಿನಿಂದ ಇಸ್ರೊ ನಡೆಸುವುದು. ಅದನ್ನು ಹಾಕಿದರೆ ಸರಿಹೋಗುವುದಿಲ್ಲವಾ?

ಸ್ಟುಟ್‌ಗಾರ್ಟ್_ಕನ್ನಡಿಗ

ಕಟ್ಟಡಗಳ ನಡುವೆ ಸಹಾಯ ಆಗುತ್ತದೆ. ನಾವಿಕ್ ಉಪಗ್ರಹಗಳು ನಮ್ಮ ಆಕಾಶದಲ್ಲೇ ಇರುತ್ತವೆ, ಅವು ಕಳಿಸುವ ಎಲ್5 ಅನ್ನುವ ಸಿಗ್ನಲ್‌ಗೆ ಪ್ರತಿಫಲನದ ಕಾಟವೂ ಕಡಿಮೆ. 2023ರ ಮೇನಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಎಲ್1 ಸಿಗ್ನಲ್ ಕೂಡ ಬಂದಿದೆ. ಆದರೆ ಫ್ಲೈಓವರ್ ಕೆಳಗೆ ಕಾಂಕ್ರೀಟ್ ಯಾವ ದೇಶದ ಉಪಗ್ರಹ ಅಂತ ನೋಡುವುದಿಲ್ಲ.

ಟೆಸ್ಟ್‌ಬೆಂಚ್_ಅಕ್ಕ

ಈಗ ಹಳದಿಬೋರ್ಡ್ ಅಣ್ಣನ ಪ್ರಶ್ನೆ. ಗೊತ್ತಿಲ್ಲದಿದ್ದರೆ ಯಾಕೆ ಸುಮ್ಮನಿರುವುದಿಲ್ಲ?

ಯಾಕೆಂದರೆ ಸ್ಥಾನ ಹೇಳುವ ಮಾಡ್ಯೂಲ್ (ಸಾಫ್ಟ್‌ವೇರಿನ ಭಾಗ) ಒಂದು ಟೀಮಿನದ್ದು, ಮಾತಾಡುವ ಮಾಡ್ಯೂಲ್ ಇನ್ನೊಂದು ಟೀಮಿನದ್ದು. ಕೆಲವು ಸಲ ಬೇರೆ ಬೇರೆ ಕಂಪನಿಯದ್ದೇ. ನಡುವೆ ಇರುವ ಇಂಟರ್‌ಫೇಸ್‌ನಲ್ಲಿ ಹೋಗುವುದು ಒಂದೇ ಉತ್ತರ: 'ಗಾಡಿ ಈ ರಸ್ತೆಯಲ್ಲಿದೆ'. 'ನೂರಕ್ಕೆ 55ರಷ್ಟು ಮೇಲೆ, 45ರಷ್ಟು ಕೆಳಗೆ' ಅಂತ ಸ್ಥಾನದ ಮಾಡ್ಯೂಲ್‌ಗೆ ಒಳಗೊಳಗೆ ಗೊತ್ತಿರುತ್ತದೆ. ಆದರೆ ಅದನ್ನು ದಾಟಿಸಲು ಜಾಗವಿಲ್ಲ. ಮಾತಾಡುವವನಿಗೆ 55 ಕಾಣುವುದಿಲ್ಲ, 'ಕೆಳಗೆ' ಅನ್ನುವುದೋ 'ಮೇಲೆ' ಅನ್ನುವುದೋ ಮಾತ್ರ ಕಾಣುತ್ತದೆ. ಪೂರ್ತಿ ಧೈರ್ಯದಿಂದ ಒದರುತ್ತಾನೆ.

ಎರಡೂ ಸಾಧ್ಯತೆಯನ್ನು ಜೀವಂತ ಇಟ್ಟುಕೊಳ್ಳಿ. ಎರಡಕ್ಕೂ ಒಂದೇ ಸೂಚನೆ ಸರಿಹೊಂದಿದರೆ ಹೇಳಲಿ, 'ನೇರ ಹೋಗಿ' ಅಂದರೆ ಯಾರಿಗೂ ತೊಂದರೆಯಿಲ್ಲ. ಬೇರೆ ಬೇರೆಯಾದರೆ ಪರದೆಯಲ್ಲಿ 'ನೀವು ಮೇಲಿದ್ದೀರಾ?' ಅಂತ ಒಂದು ಗುಂಡಿ ಬರಲಿ, ಧ್ವನಿ ಸುಮ್ಮನಿರಲಿ. ಎಲೆಕ್ಟ್ರಾನಿಕ್ ಸಿಟಿಯ ಎಲಿವೇಟೆಡ್ ರಸ್ತೆ ನೆನಪಿಸಿಕೊಳ್ಳಿ. 2010ರಿಂದ ಇದೆ, ಹತ್ತಿರ ಹತ್ತಿರ 10 ಕಿಲೋಮೀಟರ್. ಬೊಮ್ಮನಹಳ್ಳಿಯಲ್ಲಿ ತಪ್ಪು ತೀರ್ಮಾನ ಮಾಡಿದರೆ ಆ ಉದ್ದಕ್ಕೂ ತಪ್ಪೇ ಹೇಳುತ್ತಿರುತ್ತದೆ.

ಇದು ಅಲ್ಗಾರಿದಂ ಸಮಸ್ಯೆಯೇ ಅಲ್ಲ ನೋಡಿ. ಎರಡು ಟೀಮಿನ ನಡುವಿನ ಒಪ್ಪಂದದಲ್ಲಿ ಒಂದು ಫೀಲ್ಡ್ (ಮಾಹಿತಿ ತುಂಬುವ ಖಾನೆ) ಕಮ್ಮಿ, ಅಷ್ಟೇ.

ನಕ್ಷೆಮನೆ

ನಾನು ನಕ್ಷೆ ದತ್ತಾಂಶದ ಕಡೆಯವಳು. ಎಲ್ಲರೂ ಕೋಡ್ ಬಗ್ಗೆಯೇ ಮಾತಾಡುತ್ತಿದ್ದೀರಿ. ದತ್ತಾಂಶಕ್ಕೆ ಬಾಗಿಲಲ್ಲಿ ತಪಾಸಣೆ ಮಾಡುವವರು ಯಾರು?

ಎರಡು ಉದಾಹರಣೆ ಕೊಡುತ್ತೇನೆ. 2016ರ ಜೂನ್‌ನಲ್ಲಿ ಅಮೆರಿಕದಲ್ಲಿ ಬಹಳಷ್ಟು ಲೆಕ್ಸಸ್ ಕಾರುಗಳ ಪರದೆ ತಾನಾಗಿ ಆರಿ, ಹತ್ತಿ, ಮತ್ತೆ ಆರಿ, ಹೀಗೇ ಸುತ್ತತೊಡಗಿತು. ಕೋಡ್ ಬದಲಾಗಿರಲಿಲ್ಲ. ಟ್ರಾಫಿಕ್ ಮತ್ತು ಹವಾಮಾನದ ಮಾಹಿತಿ ಪ್ರಸಾರದಲ್ಲಿ ಬಂದ ಕೆಟ್ಟ ದತ್ತಾಂಶ ನ್ಯಾವಿಗೇಶನ್ ಘಟಕವನ್ನು ಕೆಡವಿತ್ತು. ಇನ್ನೊಂದು 2022ರ ಜನವರಿಯದ್ದು. ಸಿಯಾಟಲ್‌ನ ಒಂದು ರೇಡಿಯೋ ಕೇಂದ್ರ ಚಿತ್ರದ ಫೈಲುಗಳನ್ನು ಹೆಸರಿನ ಕೊನೆಯ .jpg ಥರದ ಎಕ್ಸ್‌ಟೆನ್ಶನ್ ಇಲ್ಲದೆ ಪ್ರಸಾರ ಮಾಡಿತು. 2014ರಿಂದ 2017ರ ಕೆಲವು ಮಾಜ್ದಾ ಕಾರುಗಳ ಪರದೆ ಕೆಟ್ಟು, ರೇಡಿಯೋ ಅದೇ ಕೇಂದ್ರದಲ್ಲಿ ಸಿಕ್ಕಿಕೊಂಡಿತು. ಘಟಕವನ್ನೇ ಬದಲಿಸಬೇಕಾಯಿತು.

ಹೊರಗಿನಿಂದ ಬರುವ ಯಾವುದನ್ನೂ ನಂಬಬಾರದು. ನಮ್ಮ ನಕ್ಷೆಯೂ ಸೇರಿ. ನಕ್ಷೆಯ ಹೊಸ ಆವೃತ್ತಿ ಬಂದರೆ 'ಡೇಟಾ ತಾನೇ' ಅಂತ ನೇರ ಒಳಗೆ ಬಿಡುತ್ತಾರೆ. ಕೋಡ್‌ನ ಒಂದು ಸಾಲು ಬದಲಾದರೆ ನಾಲ್ಕು ಜನ ನೋಡುತ್ತಾರೆ, ಒಂದು ರಾಜ್ಯದ ರಸ್ತೆಗಳೇ ಬದಲಾದರೆ ಯಾರೂ ನೋಡುವುದಿಲ್ಲ. ಅಕ್ಕ ಹೇಳಿದ ರೀಪ್ಲೇ ಲಾಗ್‌ಗಳನ್ನು ಪ್ರತಿ ನಕ್ಷೆ ಬಿಡುಗಡೆಗೂ ಓಡಿಸಿ. ನಿನ್ನೆ ಸರಿಯಿದ್ದ ದಾರಿ ಇವತ್ತು ಬದಲಾದರೆ, ರಸ್ತೆ ಬದಲಾಯಿತಾ, ನಕ್ಷೆ ಕೆಟ್ಟಿತಾ ಅಂತ ಮನುಷ್ಯರೊಬ್ಬರು ಕೂತು ನೋಡಲಿ.

2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಕಡೆ ಏನಾಯಿತು ಗೊತ್ತಲ್ಲ. ಅರ್ಧಕ್ಕೆ ಕಡಿದಿದ್ದ ಸೇತುವೆಯಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಅಲ್ಲಿ ಅಡ್ಡಗಟ್ಟೆ ಹಾಕದ ತಪ್ಪು ದೊಡ್ಡದು, ಒಪ್ಪುತ್ತೇನೆ. ಆದರೆ 'ಈ ರಸ್ತೆ ಇನ್ನೂ ಇದೆಯಾ' ಅಂತ ಕೇಳಿಕೊಳ್ಳುವ ಕೆಲಸ ನಮ್ಮದೂ ಹೌದು. ಆ ರಸ್ತೆಯಲ್ಲಿ ಬಹಳ ದಿನದಿಂದ ಒಂದು ಗಾಡಿಯೂ ದಾಟಿಲ್ಲ ಅನ್ನುವುದು ಕೂಡ ಒಂದು ಮಾಹಿತಿಯೇ.

ಕೆಳಘಟ್ಟದವ

ಮಾರಾಯ್ರೆ, ಬೆಂಗಳೂರು ಬಿಟ್ಟು ಸ್ವಲ್ಪ ಹೊರಗೆ ಬನ್ನಿ. ನಾನು ರೂಟಿಂಗ್ ಎಂಜಿನ್ (ದಾರಿ ಲೆಕ್ಕ ಹಾಕುವ ಸಾಫ್ಟ್‌ವೇರ್) ಕೆಲಸ ಮಾಡುವವ. ನಮ್ಮ ಟೀಮಿಗೆ ಹೊಸಬರು ಬಂದರೆ ಮೊದಲ ದಿನ ಕೊಡುವ ಟೆಸ್ಟ್ ಹೇಳುತ್ತೇನೆ: ಮೈಸೂರಿನಿಂದ ಸುಲ್ತಾನ್ ಬತ್ತೇರಿಗೆ, ಹೊರಡುವ ಸಮಯ ರಾತ್ರಿ 7.45.

ಬಂಡೀಪುರದಲ್ಲಿ ಎನ್‌ಎಚ್ 766 ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. 2009ರಿಂದ ಇದೆ. ಹೊರಟಾಗ ಗೇಟ್ ತೆರೆದಿದೆ, ಹಾಗಾಗಿ ದಡ್ಡ ಎಂಜಿನ್ ಖುಷಿಯಿಂದ ಗುಂಡ್ಲುಪೇಟೆ ದಾರಿ ಕೊಡುತ್ತದೆ. ಮದ್ದೂರು ಚೆಕ್‌ಪೋಸ್ಟ್‌ಗೆ (ಗುಂಡ್ಲುಪೇಟೆ ಹತ್ತಿರದ್ದು, ವಡೆಯದ್ದಲ್ಲ) ಮುಟ್ಟುವಾಗ 9 ದಾಟಿರುತ್ತದೆ. ಅಲ್ಲಿಂದ ವಾಪಸ್. ಸರಿಯಾದ ಎಂಜಿನ್ ಗೇಟಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತೇವೆ ಅಂತ ಲೆಕ್ಕ ಹಾಕಿ, ಹುಣಸೂರು–ಗೋಣಿಕೊಪ್ಪ–ಕುಟ್ಟ ದಾರಿ ಕೊಡಬೇಕು. ಈಗ 7.45ರ ಬದಲು 7ಕ್ಕೆ ಹೊರಟರೆ? ಟ್ರಾಫಿಕ್ ಇದ್ದರೆ ಒಂದು ಉತ್ತರ, ಇಲ್ಲದಿದ್ದರೆ ಇನ್ನೊಂದು. 'ಗಡುವಿಗೆ ಹತ್ತಿರ ಇದ್ದೀರಿ' ಅಂತ ಮೊದಲೇ ಹೇಳಬೇಕಾ ಬೇಡವಾ? ಒಂದು ಟೆಸ್ಟ್‌ನಲ್ಲಿ ಅರ್ಧ ದಿನದ ಚರ್ಚೆ ಇದೆ.

ಇನ್ನೊಂದು ನಮ್ಮ ಚಾರ್ಮಾಡಿ. ಈಗಿನ ಸಿಸ್ಟಂಗಳು ಅರ್ಧ ಸರ್ವರ್‌ನಲ್ಲಿ, ಅರ್ಧ ಗಾಡಿಯಲ್ಲಿ ದಾರಿ ಲೆಕ್ಕ ಹಾಕುತ್ತವೆ. ಕೊಟ್ಟಿಗೆಹಾರ ಬಿಟ್ಟ ಮೇಲೆ ನೆಟ್‌ವರ್ಕ್ ಕೈಕೊಟ್ಟರೆ ಗಾಡಿಯೊಳಗಿನ ಎಂಜಿನ್ ಕೈಗೆ ಕೆಲಸ ಬರುತ್ತದೆ. ಅದರ ನಕ್ಷೆ ಹಳೆಯದು, ಯಾವ ರಸ್ತೆ ಎಷ್ಟು ಮೇಲು ಅಂತ ಹಾಕಿದ ಲೆಕ್ಕವೂ ಬೇರೆ. 'ಇದಲ್ಲ ದಾರಿ, ಯೂ-ಟರ್ನ್ ಮಾಡಿ' ಅನ್ನುತ್ತದೆ. ಹೇರ್‌ಪಿನ್ ಮೇಲೆ, ಮಳೆಯಲ್ಲಿ, ಎದುರಿಗೆ ಲಾರಿ! ನೆಟ್‌ವರ್ಕ್ ಹೋಯಿತು ಅನ್ನುವ ಒಂದೇ ಕಾರಣಕ್ಕೆ ದಾರಿ ಬದಲಿಸಬಾರದು. ಸರ್ವರ್ ಕೊಟ್ಟ ದಾರಿಯನ್ನೇ ಹಿಡಿದುಕೊಂಡಿರಬೇಕು. ಇದನ್ನು ಟೆಸ್ಟ್ ಮಾಡಲು ಘಟ್ಟಕ್ಕೆ ಹೋಗಬೇಕಿಲ್ಲ, ಬೆಂಚ್‌ನಲ್ಲಿ ಸಿಮ್ ಕಿತ್ತರೆ ಸಾಕು. ಯಾರೂ ಕೀಳುವುದಿಲ್ಲ.

ಪ್ಲಗ್_ಮಾಡು_ಹೊರಡು

ಇಷ್ಟೆಲ್ಲಾ ಯಾಕೆ? ಫೋನಿನ ಆ್ಯಪ್‌ಗಳನ್ನು ಕಾರಿನ ಪರದೆಗೆ ತರುವ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೊ ಹಾಕಿ ಮುಗಿಸಿ. ಗೂಗಲ್ ಮ್ಯಾಪ್ಸ್ 2024ರ ಜುಲೈನಲ್ಲೇ ನಮ್ಮಲ್ಲಿ ಫ್ಲೈಓವರ್ ಹತ್ತಬೇಕಾ ಬೇಡವಾ ಅಂತ ಹೇಳಲು ಶುರುಮಾಡಿತು. ಕಾರ್ ಕಂಪನಿಗಳದ್ದು ವ್ಯರ್ಥ ಖರ್ಚು.

ಸ್ಟುಟ್‌ಗಾರ್ಟ್_ಕನ್ನಡಿಗ

ಹತ್ತಬೇಕಾ ಅಂತ ಹೇಳುವುದು ಬೇರೆ, ಹತ್ತಿದರಾ ಅಂತ ತಿಳಿಯುವುದು ಬೇರೆ. ಫೋನಿಗೆ ಚಕ್ರದ ಪಲ್ಸ್ ತಾನಾಗಿ ಸಿಗುವುದಿಲ್ಲ. ಕೆಲವು ಕಾರುಗಳು ಕೊಡುತ್ತವೆ, ಎಲ್ಲವೂ ಅಲ್ಲ. ಇನ್ನು ಎಲೆಕ್ಟ್ರಿಕ್ ಗಾಡಿಯಲ್ಲಿ ಬ್ಯಾಟರಿ ಎಲ್ಲಿಯವರೆಗೆ ಬರುತ್ತದೆ ಅನ್ನುವ ಲೆಕ್ಕಕ್ಕೆ ಏರು ಇಳಿವಿನ ನಕ್ಷೆ ಬೇಕು. ಯುರೋಪಿನಲ್ಲಿ 2024ರ ಜುಲೈನಿಂದ ಮಾರಾಟವಾಗುವ ಎಲ್ಲಾ ಹೊಸ ಕಾರುಗಳಲ್ಲೂ ವೇಗಮಿತಿ ಎಚ್ಚರಿಕೆ ಕಡ್ಡಾಯ. ಅದಕ್ಕೂ ಗಾಡಿ ಯಾವ ರಸ್ತೆಯಲ್ಲಿದೆ ಅಂತ ಗೊತ್ತಿರಬೇಕು. ಪರದೆ ಮೇಲೆ ಯಾರ ಆ್ಯಪ್ ಬೇಕಾದರೂ ಇರಲಿ, ಸ್ಥಾನ ಹೇಳುವ ಕೆಲಸ ಕಾರಿನದ್ದೇ.

ಪ್ಲಗ್_ಮಾಡು_ಹೊರಡು

ಸರಿ, ಆದರೆ ಹಾಗಾದರೆ ಸ್ಥಾನ ಮಾತ್ರ ಮಾಡಿ. ಹೋಟೆಲ್ ಹುಡುಕುವುದೆಲ್ಲಾ ಅವರಿಗೇ ಬಿಡಿ.

ನಕ್ಷೆಮನೆ

ಇದಕ್ಕೆ ನನ್ನ ಅರ್ಧ ಒಪ್ಪಿಗೆ ಇದೆ. ಹುಡುಕುವುದರಲ್ಲಿ ಕಾರಿನವರು ಗೆದ್ದಿದ್ದು ನಾನಂತೂ ನೋಡಿಲ್ಲ. '2ನೇ ಮೇನ್ 4ನೇ ಕ್ರಾಸ್' ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಇದೆ. ಜನ ಹುಡುಕುವುದು ಗುರುತಿನ ಜಾಗದ ಹೆಸರಲ್ಲಿ, 'ಸೋನಿ ವರ್ಲ್ಡ್ ಸಿಗ್ನಲ್' ಅಂತ. ಕನ್ನಡದಲ್ಲಿ ಟೈಪ್ ಮಾಡಿದರೆ ಕೆಲವು ಪರದೆಗಳಲ್ಲಿ ಒತ್ತಕ್ಷರ ಪಕ್ಕಕ್ಕೆ ಬಂದು ಕೂರುತ್ತದೆ. ಹಾರ್ಫ್‌ಬಝ್ ಥರದ, ಅಕ್ಷರಗಳನ್ನು ಸರಿಯಾಗಿ ಜೋಡಿಸುವ ಶೇಪಿಂಗ್ ಲೈಬ್ರರಿ ಉಚಿತವಾಗಿ ಸಿಗುವ ಕಾಲದಲ್ಲಿ ಇದಕ್ಕೆ ನೆಪವೇ ಇಲ್ಲ.

ಫರ್ಮ್‌ವೇರ್_ಮಾವ

ಲಾಗ್ ಬರೆಯಿರಿ ಅಂತ ಎಲ್ಲರೂ ಹುಮ್ಮಸ್ಸಿನಲ್ಲಿದ್ದೀರಿ, ಒಂದು ನಿಮಿಷ ನಿಲ್ಲಿ. ಟೆಸ್ಲಾ 2021ರಲ್ಲಿ ಅಮೆರಿಕದಲ್ಲಿ ಸುಮಾರು 1,35,000 ಹಳೆಯ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಕಾರುಗಳನ್ನು ವಾಪಸ್ ಕರೆಯಬೇಕಾಯಿತು. 8 ಜಿಬಿ ಫ್ಲ್ಯಾಶ್ ಮೆಮೊರಿ ಮೇಲೆ ಬರೆದು ಬರೆದು ಅದು ಸವೆದೇ ಹೋಗಿತ್ತು. ಪರದೆ ಸತ್ತರೆ ಹಿಂದಿನ ಕ್ಯಾಮೆರಾ ಚಿತ್ರವೂ ಇಲ್ಲ.

ಆದ್ದರಿಂದ ಲಾಗ್ ರ‍್ಯಾಮ್‌ನಲ್ಲಿ ಸುತ್ತುತ್ತಿರಲಿ, ಹಳೆಯದರ ಮೇಲೆ ಹೊಸದು ಬರೆಯುತ್ತಾ. ಲೆಕ್ಕ ಹಾಕಿ ನೋಡಿ: ಚಲನೆಯ ಸೆನ್ಸರುಗಳಿಂದ ಸೆಕೆಂಡಿಗೆ 100 ಸಲ, 6 ಅಕ್ಷ, ಒಂದೊಂದಕ್ಕೆ 4 ಬೈಟ್. ಸೆಕೆಂಡಿಗೆ 2,400 ಬೈಟ್. 5 ನಿಮಿಷಕ್ಕೆ 1 ಎಂಬಿಯೂ ಆಗುವುದಿಲ್ಲ. ದಾರಿ ತಪ್ಪಿ ಮರುಲೆಕ್ಕ ಆದಾಗ, ಅಥವಾ ಚುಕ್ಕಿ ಒಂದು ರಸ್ತೆಯಿಂದ ಇನ್ನೊಂದಕ್ಕೆ ಹಾರಿದಾಗ ಮಾತ್ರ ಆ ಹಿಂದಿನ 5 ನಿಮಿಷವನ್ನು ಫ್ಲ್ಯಾಶ್‌ಗೆ ಇಳಿಸಿ.

ಹಾಗೇ ಬೆಂಚ್‌ನ ತಾರೀಖನ್ನೂ ಮುಂದಕ್ಕೆ ಹಾಕಿ ಓಡಿಸಿ. ಕಾರಿಗೆ ತಾರೀಖು ಕೊಡುವ ಜಿಪಿಎಸ್ ವಾರದ ಎಣಿಕೆ 10 ಬಿಟ್, 1,024 ವಾರಕ್ಕೊಮ್ಮೆ ಸೊನ್ನೆಗೆ ಬರುತ್ತದೆ. 2022ರ ಜನವರಿ 1ರಂದು ಹಲವು ಹೋಂಡಾ ಕಾರುಗಳ ಗಡಿಯಾರ 2002ಕ್ಕೆ ಹೋಗಿದ್ದು ನೆನಪಿದೆಯಾ? ಮುಂದಿನ ಸುತ್ತು 2038ರ ನವೆಂಬರ್‌ನಲ್ಲಿ. ಇವತ್ತು ಮಾರುವ ಕಾರು ಆಗಲೂ ಓಡುತ್ತಿರುತ್ತದೆ.

ಕುತೂಹಲಿ

ಲಾಗ್‌ನಲ್ಲಿ ಜನರ ಮನೆ ಎಲ್ಲಿದೆ ಅಂತ ಕೂಡ ಸಿಗುತ್ತದಲ್ಲ?

ಟೆಸ್ಟ್‌ಬೆಂಚ್_ಅಕ್ಕ

ಸಿಗುತ್ತದೆ. 2023ರ ಡೇಟಾ ಸಂರಕ್ಷಣಾ ಕಾಯ್ದೆ ಇರುವಾಗ ಗ್ರಾಹಕರ ಒಪ್ಪಿಗೆ ಇಲ್ಲದೆ ತೆಗೆಯುವ ಮಾತೇ ಇಲ್ಲ. ಒಪ್ಪಿಗೆ ಕೊಟ್ಟರೂ ಹೊರಟ ಜಾಗ, ಸೇರಿದ ಜಾಗ ಎರಡನ್ನೂ ಗಾಡಿಯಲ್ಲೇ ಕತ್ತರಿಸಿ ಕಳಿಸಿ. ರ‍್ಯಾಂಪ್ ಹತ್ತಿರದ ತುಂಡು ಸಿಕ್ಕರೆ ನಮಗೆ ಸಾಕು, ಅವರ ಗೇಟು ಬೇಕಿಲ್ಲ.

ಹೆಡ್‌ಯೂನಿಟ್_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಟೀಮಿನಲ್ಲಿ ಇದನ್ನು ತೋರಿಸಿದೆ. ಲಾಗ್ ಇಲ್ಲದೆ ಟಿಕೆಟ್ ಮುಚ್ಚುವಂತಿಲ್ಲ ಅನ್ನುವುದಕ್ಕೆ ಮ್ಯಾನೇಜರ್ ಒಪ್ಪಿದರು. ಸ್ಥಾನದ ಜೊತೆ ಎರಡನೇ ಸಾಧ್ಯತೆಯನ್ನೂ ಕಳಿಸುವ ಫೀಲ್ಡ್‌ಗೆ ಮಾತ್ರ ಇನ್ನೊಂದು ಟೀಮ್ 'ಮುಂದಿನ ರಿಲೀಸ್‌ಗೆ ನೋಡೋಣ' ಅಂದಿದೆ. ಆ ಮಾತಿನ ಅರ್ಥ ನಿಮಗೆಲ್ಲಾ ಗೊತ್ತು.

ಈಗ ಲಾಗ್ ಎಲ್ಲಿಂದ ತರುವುದು ಅನ್ನುವ ಪ್ರಶ್ನೆ. ನಮ್ಮ ಹತ್ತಿರ ಇರುವ ಟೆಸ್ಟ್ ಕಾರುಗಳು ಕಮ್ಮಿ, ಅವೂ ಆಫೀಸ್ ಸುತ್ತಮುತ್ತಲೇ ಓಡುತ್ತವೆ.

ಹಳದಿಬೋರ್ಡ್

ನನ್ನ ಗಾಡಿಯಲ್ಲಿ ಒಂದು ಡಬ್ಬಿ ಇಡಿ ಸರ್. ದಿನಾ ಸಿಲ್ಕ್ ಬೋರ್ಡ್, ಹೆಬ್ಬಾಳ, ಗೊರಗುಂಟೆಪಾಳ್ಯ ಹೋಗೇ ಹೋಗುತ್ತೇನೆ. ಮೇಲೂ ಹೋಗುತ್ತೇನೆ ಕೆಳಗೂ ಹೋಗುತ್ತೇನೆ, ಪ್ಯಾಸೆಂಜರ್ ಹೇಳಿದ ಹಾಗೆ. ದಿನಕ್ಕೆ ಇಷ್ಟು ಅಂತ ಕೊಟ್ಟರೆ ಸರಿ.

ಹೆಡ್‌ಯೂನಿಟ್_ಹುಡುಗ

ಖಂಡಿತ ಕೊಡಿಸುತ್ತೇನೆ ಅಣ್ಣ, ಪರ್ಸನಲ್ ಮೆಸೇಜ್ ಮಾಡಿ. ಅಕ್ಕ, ಟ್ಯಾಕ್ಸಿಯಲ್ಲಿ ಚಕ್ರದ ಪಲ್ಸ್ ಹೇಗೆ ತೆಗೆಯುವುದು? ಓಬಿಡಿ ಪೋರ್ಟ್‌ನಿಂದ (ಗ್ಯಾರೇಜಿನವರು ಕಾರು ಪರೀಕ್ಷಿಸಲು ಬಳಸುವ ಸಾಕೆಟ್) ವೇಗ ಓದಿದರೆ ಸಾಕಾ?

ಟೆಸ್ಟ್‌ಬೆಂಚ್_ಅಕ್ಕ

ಸಾಲದು. ಓಬಿಡಿಯ ವೇಗ ಒಂದೇ ಬೈಟ್, ಗಂಟೆಗೆ 1 ಕಿಲೋಮೀಟರ್ ಲೆಕ್ಕದಲ್ಲಿ ಬರುತ್ತದೆ. ನಮ್ಮ ಟ್ರಾಫಿಕ್ಕಿನಲ್ಲಿ ರ‍್ಯಾಂಪ್ ಮೇಲೆ ತೆವಳುವಾಗ 3, 4, 3, 0 ಅಂತ ಇರುತ್ತದೆ, ದೂರದ ಲೆಕ್ಕ ಹಾಳು. ಕೇಳಿದಾಗ ಮಾತ್ರ ಉತ್ತರ ಕೊಡುವುದರಿಂದ ಸಮಯವೂ ಹಿಂದೆ ಮುಂದೆ ಆಗುತ್ತದೆ. ಬ್ರೇಕಿನ ಎಬಿಎಸ್ ಅಳೆಯುವ ಚಕ್ರವೇಗ ಕ್ಯಾನ್ ಬಸ್‌ನಲ್ಲಿ (ಕಾರಿನ ಭಾಗಗಳು ಪರಸ್ಪರ ಮಾತಾಡುವ ತಂತಿ) ಹೋಗುತ್ತಿರುತ್ತದೆ, ಅದನ್ನು ಕೇಳಿಸಿಕೊಳ್ಳಬೇಕು. ಆದರೆ ಯಾವ ಸಂದೇಶದಲ್ಲಿ ಇದೆ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ.

@ಹಳದಿಬೋರ್ಡ್ ಅಣ್ಣ, ನಿಮ್ಮದು ಯಾವ ಗಾಡಿ, ಯಾವ ವರ್ಷದ್ದು?

ಹಳದಿಬೋರ್ಡ್

2019ರ ಸೆಡಾನ್ ಮೇಡಂ, ಸಿಎನ್‌ಜಿ. ಸ್ಟೀರಿಂಗ್ ಕೆಳಗಿನ ಪೋರ್ಟ್‌ನಲ್ಲಿ ಆಗಲೇ ಟ್ರ್ಯಾಕರ್‌ನವರು ಏನೋ ಸಿಕ್ಕಿಸಿದ್ದಾರೆ. ಅದನ್ನು ತೆಗೆದರೆ ಮಾಲೀಕರಿಗೆ ಫೋನ್ ಹೋಗುತ್ತದೆ.

ಫರ್ಮ್‌ವೇರ್_ಮಾವ

ತೆಗೆಯಬೇಡಿ. ವೈ ಆಕಾರದ ಓಬಿಡಿ ಕೇಬಲ್ ಸಿಗುತ್ತದೆ, ಎಸ್‌ಪಿ ರೋಡಿನಲ್ಲೇ ಕೇಳಿ ನೋಡಿ. ಟ್ರ್ಯಾಕರ್ ಒಂದು ಕಡೆ, ನಮ್ಮ ಡಬ್ಬಿ ಇನ್ನೊಂದು ಕಡೆ. ಆದರೆ ಡಬ್ಬಿ ಕೇಳುವ ಮೋಡ್‌ನಲ್ಲಿ ಮಾತ್ರ ಇರಲಿ, ಬಸ್ ಮೇಲೆ ಒಂದು ಬೈಟ್ ಕೂಡ ಬರೆಯಬಾರದು. ಮೊದಲು ಮಾಲೀಕರ ಹತ್ತಿರ ಒಂದು ಮಾತು ಕೇಳಿ.